ಕೇಳಬಾರದ ಪ್ರಶ್ನೆ

ನನ್ನ ಗಂಡ ಜನಾರ್ದನ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳಿಕೊಡುತ್ತಿದ್ದರು. ಸಂಶೋಧನೆ ಮಾತ್ರ ಪುನರ್ಜನ್ಮದ್ದು. ಹಿಂದಿನ ಜನ್ಮ ನೆನಪಿದೆ ಎನ್ನುವ ಮಕ್ಕಳನ್ನು ಹುಡುಕಿಕೊಂಡು ಊರೂರು ಅಲೆದರು. ಸಹೋದ್ಯೋಗಿಗಳು ‘ದೆವ್ವದ ಮೇಷ್ಟ್ರು’ ಎಂದು ನಕ್ಕರು, ಬಡ್ತಿಯೂ ಕೈತಪ್ಪಿತು. ನಾನೇನು ಕಮ್ಮಿ ನಕ್ಕೆನೇ? ಆದರೆ ಮನುಷ್ಯ ಮೋಸಗಾರನಲ್ಲ. ಸತ್ತವರ ವಸ್ತುವೊಂದನ್ನು ಅಂಗಡಿಯಿಂದ ತಂದ ಅಂಥವೇ ವಸ್ತುಗಳ ಜೊತೆ ಬೆರೆಸಿ ಮಗುವಿನ ಮುಂದಿಟ್ಟು, ತುಟಿಪಿಟಕ್ಕೆನ್ನದೆ ಕೂರುವುದು ಅವರ ಪರೀಕ್ಷೆ. ಮನೆಯವರು ಯಾರಾದರೂ ‘ಇದಲ್ವಾ ಪುಟ್ಟಾ?’ ಅಂದರೆ ಮುಗಿಯಿತು, ಆ ಕೇಸು ಬಿಟ್ಟು ಎದ್ದು ಬರುತ್ತಿದ್ದರು. ಹಾಗೆ ಎಷ್ಟು ತಾಯಂದಿರನ್ನು ಅಳಿಸಿದರೋ!

ನಮ್ಮ ಒಬ್ಬಳೇ ಮಗಳು ಕವನಾ ಡೆಂಗಿ ಜ್ವರದಲ್ಲಿ ಹೋದಳು. ಕೆಲವು ವರ್ಷಗಳ ಮೇಲೆ ಭದ್ರಾವತಿಯಿಂದ ಫೋನು ಬಂತು. ಕಾಗದನಗರದ ಕ್ವಾರ್ಟರ್ಸಿನಲ್ಲಿ ದಿವ್ಯಶ್ರೀ ಎಂಬ ಪುಟ್ಟ ಹುಡುಗಿ ‘ನಮ್ಮನೆ ಶಿವಮೊಗ್ಗದ ವಿದ್ಯಾನಗರದಲ್ಲಿದೆ, ನಮ್ಮಪ್ಪ ಮೇಷ್ಟ್ರು’ ಅನ್ನುತ್ತಾಳಂತೆ. ನಮ್ಮ ಮನೆ ಇರುವುದೂ ಅಲ್ಲೇ. ನನ್ನ ನಗುವೆಲ್ಲ ಎಲ್ಲಿ ಹೋಯಿತೋ! ಅವಳೇ ಆಗಿರಲಪ್ಪಾ ಎಂದು ಕಂಡಕಂಡ ದೇವರಿಗೆಲ್ಲ ಹರಕೆ ಹೊತ್ತೆ.

“ಪರೀಕ್ಷೆ ಬೇರೆ ಯಾರಾದ್ರೂ ಮಾಡ್ಲಿ ಕಣ್ರೀ,” ಎಂದೆ.

“ನಾನೇ ಮಾಡ್ತೀನಿ. ನೀನು ಬಾಯಿ ಮುಚ್ಕೊಂಡು ಕೂತಿರು ಮಾರಾಯ್ತಿ, ಅಷ್ಟು ಸಾಕು,” ಎಂದರು.

ಹುಡುಗಿಯ ತಾಯಿ ಧನಲಕ್ಷ್ಮಿ ಚಾಪೆ ಹಾಸಿದಳು. ಅದರ ಮೇಲೆ ಇವರು ಹೇರ್‌ಬ್ಯಾಂಡುಗಳನ್ನು ಸಾಲಾಗಿ ಇಟ್ಟರು. ನೀಲಿಯದು ಕವನಾಳದು. ಹುಡುಗಿ ಖುಷಿಯಿಂದ ಕೆಂಪು ಬ್ಯಾಂಡು ಎತ್ತಿಕೊಂಡಳು.

ಇವರು ಅವಳ ಕೈ ಹಿಡಿದುಕೊಂಡು ನೀಲಿಯದನ್ನು ತೋರಿಸಿದರು. “ಸರಿಯಾಗಿ ನೋಡು. ಇದಲ್ವಾ ಪುಟ್ಟಾ?”

ಅವಳು ಇವರ ಮುಖ ನೋಡಿ ಕೆಂಪನ್ನು ಕೆಳಗಿಟ್ಟು, “ಹೂಂ, ಇದೇ,” ಎಂದು ನೀಲಿ ತೆಗೆದುಕೊಂಡಳು.

“ನೋಡಿದ್ಯಾ ಭವಾನಿ! ನಮ್ ಕವನಾನೇ ಕಣೆ!”

ನನಗೆ ಮೈಯೆಲ್ಲ ಉರಿದುಹೋಯಿತು. “ಥೂ, ನಿಮ್ಮ ವಿದ್ಯೆಗಿಷ್ಟು! ಇದೇ ಮಾತು ಕೇಳಿದ್ರು ಅಂತ ತಾನೇ ಅಷ್ಟು ಜನ ತಾಯಂದಿರ ಹೊಟ್ಟೆ ಉರಿಸಿ ಬಂದ್ರಿ?”

ಅವರು ತಲೆ ತಗ್ಗಿಸಿದರು, ಮಗುವಿನ ಕೈ ಮಾತ್ರ ಬಿಡಲಿಲ್ಲ. ಹುಡುಗಿ ಹೆದರಿ “ಅಮ್ಮಾ!” ಎಂದು ಕಿರುಚಿದಳು. ಅಯ್ಯೋ, ನಾನು ಎರಡೂ ಕೈ ಚಾಚಿಬಿಟ್ಟೆ. ಅವಳು ಕರೆದದ್ದು ಧನಲಕ್ಷ್ಮಿಯನ್ನು. ನಾನೇ ಇವರ ಬೆರಳು ಬಿಡಿಸಿ ಮಗುವನ್ನು ಅವಳಿಗೆ ಒಪ್ಪಿಸಿದೆ.

ವಾಪಸು ಬರುವಾಗ ಬಸ್ಸಿನಲ್ಲಿ ಇವರು ಮೆಲ್ಲಗೆ, “ಆದ್ರೂ ಅವಳೇ ಇರ್ಬೋದಲ್ವೇನೆ?” ಎಂದರು. ಜೀವಮಾನವೆಲ್ಲ ಬೇರೆಯವರಿಗೆ ಉತ್ತರ ಹೇಳಿದವರು ಈಗ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಹೂಂ ಅಂದುಬಿಡಲೇ ಅನ್ನಿಸಿತು.

“ಇಲ್ಲ ಕಣ್ರೀ,” ಎಂದೆ. “ನಮ್ ಮಗಳು ಸತ್ತೋದ್ಲು.”

ಆ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.