ಬ್ರೇಕ್ ಒತ್ತುವ ಕಾಲು

ಪಟ್ಟಿ ಸುತ್ತು ಸುತ್ತಾಗಿ ಬಿಚ್ಚಿಕೊಳ್ಳುತ್ತಿದೆ, ಚರ್ಮಕ್ಕೆ ಗಾಳಿ ತಾಕಿ ಹಾಯೆನಿಸುತ್ತಿದೆ, ಹೆಂಡತಿ ಮಂಚದ ತುದಿಯಲ್ಲಿ ಕೂತು ಅವನ ಬಲಪಾದವನ್ನು ತೊಡೆಯ ಮೇಲಿಟ್ಟುಕೊಂಡು ತಲೆಯೆತ್ತದೆ ಬಿಚ್ಚುತ್ತಿದ್ದಾಳೆ — ಬಾವು ಇಳಿದಿದೆ ನೋಡಿ, ಬೆರಳು ಜೋಮು ಹಿಡೀತಿಲ್ಲ ತಾನೇ, ಇಲ್ಲ ಎಂದ ಡ್ರೈವರ್, ನೇರಳೆ ಬಣ್ಣ ಹಳದಿಗೆ ತಿರುಗಿದ ಕಾಲ್ಗಿಣ್ಣನ್ನು ಪರರ ಸೊತ್ತಿನಂತೆ ನೋಡಿದ. ಇದು ಬ್ರೇಕ್ ಒತ್ತುವ ಕಾಲು, ಕಿಟಕಿಗೆ ತಲೆಯಾನಿಸಿ ಮಲಗಿದವರಿಗೂ ಎಚ್ಚರವಾಗದ ಹಾಗೆ ಬಸ್ಸು ನಿಲ್ಲಿಸ್ತೀಯಲ್ಲ ಮಾರಾಯ ಎಂದು ಕಂಡಕ್ಟರ್ ಹೊಗಳುವ ಕಾಲು, ಈ ಕಾಲು ಒದ್ದದ್ದು ಏನನ್ನು, ಬಕೆಟ್ಟನ್ನು, ಖಾಲಿ ಅಂದುಕೊಂಡಿದ್ದ, ಖಾಲಿಯಿದ್ದಿದ್ದರೆ ಹಾರಿ ಗೋಡೆಗೆ ಬಡಿದು ಸದ್ದಾದರೂ ಮಾಡುತ್ತಿತ್ತು, ಒದ್ದೆ ಬಟ್ಟೆ ತುಂಬಿಕೊಂಡ ಅದು ಜಪ್ಪಯ್ಯ ಅಂದರೂ ಕದಲಲಿಲ್ಲ, ಪಾದ ಒಳಕ್ಕೆ ಮಡಚಿಕೊಂಡಿತು, ಟಕ್ ಅಂದದ್ದು ಬಕೆಟ್ಟಲ್ಲ, ಅವನ ಗಿಣ್ಣು — ನೆಲಕ್ಕೆ ಕುಸಿದವನನ್ನು ಕಂಡು ಮಗಳು ಕಿಸಕ್ಕನೆ ನಕ್ಕು, ಅಮ್ಮನ ಮುಖ ನೋಡಿ ಬಾಯಿ ಮುಚ್ಚಿಕೊಂಡಿದ್ದಳು. ಅಷ್ಟಕ್ಕೂ ಆದದ್ದೇನು, ಬಟ್ಟೆ ಅಂಗಡೀಲಿ ಕೆಲಸ ಕೊಡ್ತಾರಂತೆ ರೀ, ಬರ್ತೀನಿ ಅಂತ ಹೇಳಿ ಬಂದೆ, ನನ್ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿಂಗೆ, ಕೇಳಿದ್ರೆ ಬೇಡ ಅಂತಿದ್ರಿ — ನಿಜ, ಬೇಡ ಅಂತಲೇ ಅನ್ನುತ್ತಿದ್ದ, ಆ ನಿಜವೇ ನೆತ್ತಿಗೇರಿ ಕಾಲು ಎದ್ದಿತ್ತು.

ಆಮೇಲೆ ಅವಳು ಕೂಗಾಡಿದ್ದರೆ ಸಾಕಿತ್ತು, ಮುನಿಸಿಕೊಂಡು ಅಕ್ಕನ ಮನೆಗೆ ಹೋಗಿದ್ದರೂ ಒಪ್ಪುತ್ತಿತ್ತು, ಅವಳೋ ಫ್ರಿಜ್ಜಿನಿಂದ ಐಸು ತೆಗೆದು, ಬರೀ ಐಸು ಇಟ್ರೆ ಚರ್ಮ ಸುಡತ್ತೆ ಎಂದು ಟವೆಲ್ಲಿನಲ್ಲಿ ಸುತ್ತಿ, ಆಗಾಗ ಇಟ್ಟು ತೆಗೆದು, ಕಾಲು ಎದೆಗಿಂತ ಎತ್ತರಕ್ಕೆ ಬರಲೆಂದು ತನ್ನ ದಿಂಬನ್ನೂ ಅದರಡಿಗೆ ತುರುಕಿ ತಾನು ದಿಂಬಿಲ್ಲದೆ ಮಲಗಿದಳು. ಮೂಳೆ ಮುರಿದಿಲ್ಲ, ಕೀಲಿನ ನಾರು ಎಳೆದಿದೆ, ಸದ್ಯಕ್ಕೆ ಊರಬೇಡಿ, ಏನಾಯ್ತು ಎಂದರು ಡಾಕ್ಟರು, ಅವನು ಬಾಯಿ ತೆರೆಯುವ ಮೊದಲೇ ಅವಳು, ಬಚ್ಚಲಲ್ಲಿ ಜಾರಿದ್ರು ಡಾಕ್ಟ್ರೇ. ಅದೇ ಮಾತು ಕಂಡಕ್ಟರಿಗೂ, ಅವನು ಎಣ್ಣೆ ಸೀಸೆ ಹಿಡಿದುಕೊಂಡು ಬಂದಿದ್ದ, ಬಿಸಿ ಮಾಡಿ ಚೆನ್ನಾಗಿ ತಿಕ್ಕಮ್ಮ, ಬೇಡಣ್ಣ ಈಗ್ಲೇ ತಿಕ್ಕಿದ್ರೆ ಬಾವು ಜಾಸ್ತಿ ಆಗತ್ತಂತೆ, ಹೌದಾ, ಬಚ್ಚಲು ಉಜ್ಜಿಸಮ್ಮ ಹಾಗಾದ್ರೆ, ಪಾಚಿ ಕಟ್ಟಿರ್ಬೇಕು, ಹ್ಞೂಂ ಅಣ್ಣ — ತಿಕ್ಕಿ ತಿಕ್ಕಿ ಫಳಫಳ ಅನ್ನುವ ಬಚ್ಚಲಿಗೆ ಅವಳೇ ಕೆಟ್ಟ ಹೆಸರು ಹೊತ್ತಳು, ಡ್ರೈವರ್ ಟೀ ಲೋಟದೊಳಗೆ ಮುಖ ಹುದುಗಿಸಿದ. ಅಂಗಡಿಗೆ ಫೋನು ಮಾಡಿದ್ದೂ ಕೇಳಿಸಿತು, ಮನೆಯವರ ಕಾಲು ಉಳುಕಿದೆ ಮೇಡಂ, ಇನ್ನೊಂದು ವಾರ ಆಗತ್ತೆ, ಆಗಲ್ವಾ, ನೋಡ್ತೀನಿ ಮೇಡಂ. ಒದ್ದದ್ದಕ್ಕೆ ಬೇಕಾದದ್ದೇ ಸಿಕ್ಕಿತಲ್ಲ, ಅವಳು ಮನೆಯಲ್ಲೇ ಉಳಿದಳಲ್ಲ, ಅದೂ ಅವನ ಕಾಲು ಹಿಡಿದುಕೊಂಡು, ಥೂ.

ಇವತ್ತು ಹೇಳಿಬಿಡಬೇಕು, ನಾಳೆಯಿಂದ ನೀನು ಹೋಗು, ನಾನು ಗೋಡೆ ಹಿಡ್ಕೊಂಡು ಓಡಾಡ್ತೀನಿ, ತಪ್ಪಾಯ್ತು — ತಪ್ಪಾಯ್ತು ಮೊದಲೋ ಹೋಗು ಮೊದಲೋ, ಅಷ್ಟರಲ್ಲಿ ಮಗಳು ಮಂಚ ಹತ್ತಿದಳು, ಅಪ್ಪಾ ವ್ಯಾಯಾಮ, ಹೆಬ್ಬೆರಳಲ್ಲಿ ಅ ಬರಿ, ಡಾಕ್ಟರ್ ಹೇಳಿದಾರೆ, ಗಾಳಿಯಲ್ಲಿ ಅ ಬರೆದ, ಅಯ್ಯೋ ಅದು ಅ ಅಲ್ಲ ಅಪ್ಪಾ, ನಕ್ಕ, ಹೆಂಡತಿಯ ತುಟಿಯಂಚೂ ಸಡಿಲಿದಂತಿತ್ತು, ಇದೇ ಸಮಯ ಎಂದುಕೊಂಡ, ಹೇಳಲೆಂದು ಮೊಣಕೈ ಊರಿ ದಡಕ್ಕನೆ ಮೇಲೇಳಹೋದ, ಗಿಣ್ಣಿನಲ್ಲಿ ಚಳಕು ಹೊಡೆಯಿತು, ಪಾದ ತಾನಾಗಿ ಗಾಳಿಗೆ ಒದೆಯಿತು — ಅವಳ ಕೈ ಚಿಮ್ಮಿ ಮುಖಕ್ಕೆ ಅಡ್ಡ ಬಂತು, ಅಂಗೈ ಹೊರಕ್ಕೆ, ಕಣ್ಣು ಬಿಗಿಯಾಗಿ ಮುಚ್ಚಿ. ಒಂದೇ ಗಳಿಗೆ. ಆಮೇಲೆ ಅದೇ ಕೈಯಿಂದ ಕೂದಲು ಹಿಂದಕ್ಕೆ ಸರಿಸಿಕೊಂಡಳು, ಅದಕ್ಕೇ ಎತ್ತಿದ್ದೇನೋ ಎಂಬಂತೆ, ನೋವಾಯ್ತಾ ರೀ, ಮೆಲ್ಲಗೆ. ನಾನು ಹೊಡೆದವನಲ್ಲ, ಒಂದು ದಿನವೂ ಕೈ ಎತ್ತಿದವನಲ್ಲ, ಬರೀ ಬಕೆಟ್ಟು ಕಣೇ — ಒಳಗೇ ಅಂದ, ಮಗಳು ಆ ಬರಿ ಅಪ್ಪಾ ಅನ್ನುತ್ತಿದ್ದಾಳೆ, ನಾಳೆಯಿಂದ ನೀನು, ಆ ಅಂಗೈ, ತಪ್ಪಾ, ಹೊರಕ್ಕೆ ತಿರುಗಿದ ಆ ಅಂಗೈ, ಮುಚ್ಚಿದ ಕಣ್ಣ ಮುಂದೆ, ಆ ಅಂಗೈ.