ಮೊಣಕಾಲ ಪಟ್ಟಿ

ಶೇಖಮ್ಮ ತನ್ನ ಅವ್ವನ ಬೂಟಿನ ಕಬ್ಬಿಣದ ಸಲಾಕೆಗಳ ಸಂದಿಯಲ್ಲಿ ಒಣಗಿದ್ದ ಕೆಸರನ್ನು ಕಡ್ಡಿಯಿಂದ ಕೆದರಿ ತೆಗೆಯುತ್ತಿದ್ದಳು. ಸೋದರಮಾವ ಖಂಡಪ್ಪ ತನ್ನ ಚಪ್ಪಲಿ ಅಂಗಡಿಯ ಕಟ್ಟೆಯ ಮೇಲೆ ಕೂತು ರಬ್ಬರ್ ಕೊಯ್ಯುವ ರಂಪಿಗೆಯನ್ನು ಮಸೆಯುತ್ತಿದ್ದ. ಅವ್ವ ಸುಂದ್ರಮ್ಮ ಪೋಲಿಯೊ ಕಾಲು ಚಾಚಿ ಗೋಡೆಗೆ ಒರಗಿದ್ದಳು.

ಶಾಲೆಯ ಅಡುಗೆಗೆ ಅವಳು ದಿನವೂ ದೇವಾಪುರದ ಕಾಲುವೆ ದಂಡೆಯ ಮೇಲೆ ನಡೆದು ಹೋಗುತ್ತಿದ್ದಳು. ನಿನ್ನೆ ಅಲ್ಲಿ ಬಿದ್ದಳು. ಜಾಲಿಗಿಡ ಕೈಗೆ ಸಿಕ್ಕಿದ್ದರಿಂದ ನೀರಿಗೆ ಹೋಗಲಿಲ್ಲ. ಮೊಣಕಾಲನ್ನು ಸಲಾಕೆಗೆ ಬಿಗಿಯುವ ರಬ್ಬರ್ ಪಟ್ಟಿ ಹರಿದಿರಲಿಲ್ಲ, ಜಗ್ಗಿ ಸಡಿಲಾಗಿತ್ತು. ಎರಡು ತಿಂಗಳಲ್ಲಿ ಖಂಡಪ್ಪ ಕೊಯ್ದುಕೊಟ್ಟ ಮೂರನೆಯ ಪಟ್ಟಿ ಇದು.

ಚಪ್ಪಲಿ ಒಯ್ಯಲು ಚಂದ್ರಾಮಪ್ಪ ಮಾಸ್ತರರು ಬಂದರು. ಶೇಖಮ್ಮ ಏಳನೇ ತರಗತಿಯಲ್ಲಿ ಶಾಲೆ ಬಿಡುವವರೆಗೆ ಅವರೇ ಕಲಿಸಿದ್ದರು. ಅವಳು ಎರಡು ತುಂಡು ರಬ್ಬರನ್ನು ಎಳೆದು ನೋಡುವುದು ಅವರ ಕಣ್ಣಿಗೆ ಬಿತ್ತು.

"ಏನ ಪರೀಕ್ಷಾ ನಡದದವಾ?"

"ಎರಡೂ ಒಂದ ರಬ್ಬರ್ ಹಾಳೀದು ಸರ್. ಅಡ್ಡ ಕೊಯ್ದದ್ದು ಜಗ್ತದ, ಉದ್ದ ಕೊಯ್ದದ್ದು ಜಗ್ಗಂಗಿಲ್ಲ."

ಮಾಸ್ತರರು ತುಂಡನ್ನು ಬೆಳಕಿಗೆ ಹಿಡಿದರು. "ಮೆತ್ತನ್ನ ರಬ್ಬರಿನ್ಯಾಗ ಗಟ್ಟಿ ಎಳಿ ಇರ್ತಾವ, ಕಣ್ಣಿಗಿ ಕಾಣಂಗಿಲ್ಲ. ಮಷೀನಿನ್ಯಾಗ ಹಾಳಿ ಎಳಿಯೂಮುಂದ ಎಲ್ಲಾ ಒಂದ ಕಡಿ ಮಲಗ್ತಾವ, ಜೋಳದ ದಂಟಿನ ಸೂಡು ಇದ್ದಂಗ. ದಂಟಿನ ಗುಂಟ ಎಳದರ ದಂಟ ತಡಿತದ. ಅಡ್ಡ ಎಳದರ ನಡುವಿನ ಮೆತ್ತಂದಷ್ಟ ಜಗ್ತದ."

"ಒಳಗ ಜೋಳದ ಹೊಲ ಇದ್ರ ಕಾಲುವಿ ನೀರರ ಬಿಡ್ರಿ ಮಾಸ್ತರ," ಎಂದ ಖಂಡಪ್ಪ. ಮಾಸ್ತರರು ನಗುತ್ತ ಚಪ್ಪಲಿ ಮೆಟ್ಟಿ ಹೋದರು.

ಶೇಖಮ್ಮ ನಗಲಿಲ್ಲ. ಪಟ್ಟಿ ಮೆತ್ತಗಿರಲೆಂದು ಮಾಮ ಬೇಕೆಂದೇ ಅಡ್ಡ ಕೊಯ್ಯುತ್ತಿದ್ದ. ಹೋದ ವರ್ಷ ಗಟ್ಟಿ ಪಟ್ಟಿ ತಿಕ್ಕಿ ಅವ್ವನ ಮೊಣಕಾಲು ಹುಣ್ಣಾದಾಗ, ತಾನೇ ಅದನ್ನು ತೊಳೆದಿದ್ದ. ಅಂದಿನಿಂದ ಪ್ರತಿ ಪಟ್ಟಿಯನ್ನೂ ಮೊದಲು ತನ್ನ ಗಲ್ಲಕ್ಕೆ ಒತ್ತಿ ನೋಡುತ್ತಿದ್ದ. ಈಗಲೂ ಒಂದು ತುಂಡನ್ನು ಒತ್ತಿ ನೋಡಿದ.

"ಇದ ನೋಡಕ್ಕಾ, ಬೆಣ್ಣಿ ಇದ್ದಂಗ ಅದ."

"ಅದ ಇರಲಿ ಬಿಡಪ್ಪ. ಗಟ್ಟೀದು ಕಚ್ಚತದ," ಎಂದಳು ಅವ್ವ, ಕಣ್ಣು ತೆರೆಯದೆ. ಮಡಿಲಲ್ಲಿದ್ದ ಅವಳ ಅಂಗೈ ತುಂಬ ಅರಿಷಿಣ, ನಡುವೆ ಮುಳ್ಳು ತೆಗೆದ ಕೆಂಪು ತೂತುಗಳು.

ಖಂಡಪ್ಪ ಹಾಳೆಯನ್ನು ತೊಡೆಯ ಮೇಲೆ ಹಾಸಿ, ರಂಪಿಗೆಯ ಬಾಯಿಯನ್ನು ಅಡ್ಡಗೆರೆಯ ಮೇಲೆ ಇಟ್ಟ.

ಶೇಖಮ್ಮ ಬೂಟನ್ನು ಕೆಳಗಿಟ್ಟಳು.

"ಮಾಮಾ, ಈ ಸಲ ಉದ್ದಕ್ಕ ಕೊಯ್ರಿ. ಕಚ್ಚಬಾರದಂತ ಒಳಗ ಮೆತ್ತನ್ನ ಅರಿವಿ ನಾ ಹೊಲಿತೀನಿ."

ರಂಪಿಗೆ ಅಲ್ಲೇ ನಿಂತಿತು. ಅವ್ವ ಅಂಗೈ ಮುಚ್ಚಿಕೊಂಡಳು.