ಶನಿವಾರದ ಪೆಟ್ಟಿಗೆ

ನಮ್ಮ ಮನೆಯ ಕಟ್ಟೆಗೂ ಶಾಲೆಯ ಅಂಗಳಕ್ಕೂ ನಡುವೆ ಸೊಂಟದ ಮಟ್ಟದ ಒಂದು ಗೋಡೆ ಮಾತ್ರ. ಗಡಹಿಂಗ್ಲಜದ ಪೇಟೆಯಿಂದ ವ್ಯಾಪಾರಿಗಳು ಕಳಿಸುತ್ತಿದ್ದ ಮೆಣಸಿನಕಾಯಿಯನ್ನು ಸುರಿದುಕೊಂಡು ನಾನು ದಿನವೆಲ್ಲ ಆ ಕಟ್ಟೆಯ ಮೇಲೆ ತೊಟ್ಟು ಬಿಡಿಸುತ್ತ ಕೂಡುತ್ತಿದ್ದೆ. ಆ ಕೆಲಸಕ್ಕೆ ಬೆರಳು ಸಾಕು, ಕಣ್ಣು ಬೇಕಿಲ್ಲ. ಹಾಗಾಗಿ ಶಾಲೆಯನ್ನು ನೋಡುತ್ತಿದ್ದೆ. ಯಾರ ಟೊಪ್ಪಿಗೆ ಯಾವುದು, ಯಾರ ಪಾಟಿಯ ಮೂಲೆ ಒಡೆದಿದೆ, ಯಾರು ಬುತ್ತಿಯನ್ನು ಮುಚ್ಚಿಕೊಂಡು ಉಣ್ಣುತ್ತಾರೆ, ಎಲ್ಲ ನನಗೆ ಗೊತ್ತಿತ್ತು.

ಶಾಲೆಯಲ್ಲಿ ಕಬ್ಬಿಣದ ಒಂದು ಪೆಟ್ಟಿಗೆ ಇತ್ತು. ಮಕ್ಕಳು ಬಿಟ್ಟುಹೋದದ್ದು, ಬೀಳಿಸಿಕೊಂಡದ್ದು ಎಲ್ಲ ಅದರೊಳಗೆ ಹೋಗುತ್ತಿತ್ತು. ಶನಿವಾರ ಪ್ರಾರ್ಥನೆಯಾದ ಮೇಲೆ ದೊಡ್ಡ ಗುರೂಜಿ ಒಂದೊಂದನ್ನೇ ಎತ್ತಿ ಹಿಡಿಯುತ್ತಿದ್ದರು. ಅದು ಯಾರದೋ ಅವರು ಸಾಲಿನಿಂದ ಮುಂದೆ ಬಂದು, ಹೇಗೆ ಮರೆತೆನೆಂದು ಎಲ್ಲರೆದುರು ಹೇಳಿ ತೆಗೆದುಕೊಳ್ಳಬೇಕು. ಹಿಂದಿದ್ದ ಗುರೂಜಿಯೊಬ್ಬರು ಮಾಡಿಟ್ಟ ನಿಯಮ ಅದು. ಅದರಿಂದ ಮಕ್ಕಳು ಮರೆಯುವುದು ನಿಲ್ಲಲಿಲ್ಲ. ಮರೆತದ್ದನ್ನು ನನ್ನದು ಎನ್ನುವುದು ನಿಂತಿತು. ನಾಲ್ಕನೆಯ ಇಯತ್ತೆಯಲ್ಲಿ ನನ್ನ ಬುತ್ತಿಯ ಅರಿವೆಯೂ ಹಾಗೆ ಮೇಲೆದ್ದಿತ್ತು. ಅವ್ವನ ಹರಕು ಸೀರೆಯ ಮೂರು ತುಂಡು ಸೇರಿಸಿ ಹೊಲಿದದ್ದು. ಗುರೂಜಿ ಅದನ್ನು ಬೆತ್ತದ ತುದಿಯಿಂದ ಎತ್ತಿದರು, ಮಕ್ಕಳು ನಕ್ಕರು. ನಾನು ಮುಂದೆ ಹೋಗಲಿಲ್ಲ. ಸೋಮವಾರ ಶಾಲೆಗೂ ಹೋಗಲಿಲ್ಲ. ಆಮೇಲೆ ಯಾರೂ ಕರೆಯಲಿಲ್ಲ.

ಇದಾಗಿ ಒಂಬತ್ತು ವರ್ಷಗಳಾಗಿದ್ದವು. ನಮ್ಮ ಓಣಿಯ ಗುರುಸಿದ್ದವ್ವನ ಮೊಮ್ಮಗಳು ಕಾಂಚನ ಮೂರನೆಯ ಇಯತ್ತೆಯಲ್ಲಿದ್ದಳು. ಮಧ್ಯಾಹ್ನದ ಊಟದ ಸೂಟಿಯಲ್ಲಿ ಗೋಡೆ ಹಾರಿ ಬಂದು ನಮ್ಮ ಕಟ್ಟೆಯ ನೆರಳಿನಲ್ಲೇ ಬುತ್ತಿ ಬಿಚ್ಚುತ್ತಿದ್ದಳು. ಆ ಶುಕ್ರವಾರ ಗೋಡೆ ಹಾರಲಿಲ್ಲ, ಸುತ್ತುಹಾಕಿ ಬಂದಳು. ಬುತ್ತಿ ಬಿಚ್ಚಲೂ ಇಲ್ಲ.

"ಯಾಕ ಉಣ್ಣವಲ್ಲಿ?" ಎಂದೆ.

"ಹಸಿವಿಲ್ಲ ಬಾಳಕ್ಕಾ."

"ನಿನ್ನೆನೂ ಇರಲಿಲ್ಲ ಹಸಿವು."

"ನಿನ್ನೆ ಹೊಟ್ಟಿ ನೋಯಾಕತ್ತಿತ್ತು."

ಅವಳ ತುಟಿ ಒಣಗಿತ್ತು. ಕೈ ಪದೇ ಪದೇ ಕೊರಳಿಗೆ ಹೋಗುತ್ತಿತ್ತು. ಆಗ ನೋಡಿದೆ, ಕೊರಳಲ್ಲಿ ಶಿವದಾರ ಇರಲಿಲ್ಲ.

"ಲಿಂಗ ಎಲ್ಲೈತಿ?"

ಅವಳು ತಲೆ ತಗ್ಗಿಸಿದಳು. ಬುಧವಾರ ಸಂಜೆ ಖೋಖೋ ಆಡುವಾಗ ದಾರ ಹರಿದಿತ್ತು. ಮನೆಗೆ ಹೋದ ಮೇಲೆ ಗೊತ್ತಾಗಿತ್ತು. ನಮ್ಮವರಲ್ಲಿ ಕೊರಳಿನ ಲಿಂಗಕ್ಕೆ ಪೂಜೆಯಾಗದೆ ಬಾಯಿಗೆ ತುತ್ತು ಹೋಗುವಂತಿಲ್ಲ. ದೊಡ್ಡವರೇ ಎಷ್ಟೋ ಜನ ಸಡಿಲ ಬಿಟ್ಟಿದ್ದರು. ಆದರೆ ಗುರುಸಿದ್ದವ್ವ ಮೊಮ್ಮಗಳಿಗೆ ಕಲಿಸಿದ್ದಳು, ಅವಳು ಕಲಿತಿದ್ದಳು.

"ಬುಧವಾರದಿಂದ ಏನೂ ತಿಂದಿಲ್ಲ?"

"ನೀರ ಕುಡಿದೇನಿ. ರೊಟ್ಟಿ ಆಕಳಿಗೆ ಹಾಕೇನಿ."

"ಅಜ್ಜಿಗೆ ಹೇಳಬಾರದ?"

"ಹೇಳಿದ್ರ ಆಕೀನೂ ಉಣ್ಣೂದು ಬಿಡ್ತಾಳ. ಮೊದಲ ಆಕಿಗೆ ತಲಿ ತಿರಗತೈತಿ."

ಬುಧವಾರ ಸಂಜೆ ನಾನೊಂದು ನೋಡಿದ್ದೆ. ಶಾಲೆಯ ಶಿಪಾಯಿ ಗಣಪತ ಬೇವಿನ ಮರದ ಕೆಳಗೆ ಕಸ ಹೊಡೆಯುತ್ತಿದ್ದವನು ಬಾಗಿ ಬಿಳಿಯದೇನನ್ನೋ ಎತ್ತಿಕೊಂಡು, ಅಲ್ಲೇ ಸ್ವಲ್ಪ ಹೊತ್ತು ನಿಂತು, ಆಮೇಲೆ ಗುರೂಜಿಯ ಕೋಣೆಗೆ ಹೋಗಿದ್ದ.

"ಪೆಟ್ಟಿಗ್ಯಾಗ ಇರತೈತಿ ತಗೋ," ಎಂದೆ.

"ಇಲ್ಲ ಅಕ್ಕಾ. ನಿನ್ನೆ ಗಣಪತಮಾಮಾ ಟೊಪಗಿ ಇಡಾಕ ಪೆಟ್ಟಿಗಿ ತೆರದಿದ್ದ. ಬಾಗಲದಾಗ ನಿಂತ ನೋಡೇನಿ. ಬರೇ ಚಪ್ಪಲಿ, ಪಾಟಿ."

"ಮತ್ತ ಕೇಳಬಾರದೇನ?"

"ಕೇಳಿದ್ರ ನಾಳೆ ಎಲ್ಲಾರ ಮುಂದ ನಿಲ್ಲಸ್ತಾರ."

ಒಳಗೆ ಹಿಟ್ಟು ನಾದುತ್ತಿದ್ದ ನಮ್ಮವ್ವ ಕಲ್ಲವ್ವ ಎಲ್ಲ ಕೇಳಿಸಿಕೊಂಡಿದ್ದಳು. "ಕೂಸಿನ ಕರಕೊಂಡ ಹೋಗಿ ಗುರೂಜಿಗೆ ಹೇಳ," ಎಂದಳು.

"ನೀ ಹೋಗವ್ವಾ."

"ನನ್ನ ಕೈಯಾಗ ಹಿಟ್ಟೈತಿ. ನಿನ್ನ ಬಾಯಾಗ ಏನೈತಿ?"

ಕೈಗೆ ಎರಡು ಸಲ ಬೂದಿ ಹಚ್ಚಿ ತೊಳೆದುಕೊಂಡು, ಸೆರಗು ಹೊದ್ದು, ಕಾಂಚನಳ ಕೈ ಹಿಡಿದುಕೊಂಡೆ. ಅಂಗಳ ದಾಟುವಾಗ ಯಾರು ಯಾರನ್ನು ಹಿಡಿದಿದ್ದೇವೆಂದು ತಿಳಿಯುತ್ತಿರಲಿಲ್ಲ.

ಈಗಿನ ದೊಡ್ಡ ಗುರೂಜಿ ರತ್ನಾಗಿರಿ ಕಡೆಯವರು, ಹಿಂದಿನ ಜೂನಿನಲ್ಲಿ ಬಂದಿದ್ದರು. ಮಹಾರಾಷ್ಟ್ರದ ಗಡಿಯ ನಮ್ಮೂರಿನ ಕನ್ನಡ ಅವರಿಗೆ ಬರುತ್ತಿರಲಿಲ್ಲ. ಕನ್ನಡಕದ ಮೇಲಿಂದ ನೋಡಿ, "ಕಾಯ ಪಾಹಿಜೆ, ಬಾಯಿ?" ಎಂದು ಕೇಳಿದರು. ಏನು ಬೇಕು ತಾಯಿ ಎಂದು. ನನ್ನನ್ನು ಅಷ್ಟು ಮರ್ಯಾದೆಯಿಂದ ಯಾರೂ ಕೇಳಿರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡೆ. ಅವರು ಕಾದರು. ಗಡಿಯಾರ ನೋಡಲಿಲ್ಲ, ಇನ್ನೊಮ್ಮೆ ಕೇಳಲೂ ಇಲ್ಲ. ನಾನು ಪೇಟೆಯಲ್ಲಿ ಕಲಿತ ಮರಾಠಿಯಲ್ಲಿ ಎರಡು ಮಾತು ಹೇಳಿದೆ: ಹುಡುಗಿಯ ಲಿಂಗ ಬಿದ್ದಿದೆ, ಎರಡು ದಿನದಿಂದ ಉಂಡಿಲ್ಲ.

ಅವರಿಗೆ ಮೊದಲನೆಯ ಮಾತು ಅರ್ಥವಾಗಲಿಲ್ಲ. ಎರಡನೆಯದು ಅರ್ಥವಾಯಿತು. ಎದ್ದು ತಾವೇ ಬೀಗ ತೆಗೆದು, ನೆಲಕ್ಕೆ ಮೊಣಕಾಲೂರಿ, ಪೆಟ್ಟಿಗೆಯಲ್ಲಿದ್ದದ್ದನ್ನೆಲ್ಲ ಹೊರಗಿಟ್ಟರು. ಐದು ಚಪ್ಪಲಿ, ಅದರಲ್ಲಿ ಒಂದು ಜೊತೆಯೂ ಇಲ್ಲ. ಟೊಪ್ಪಿಗೆ, ಪಾಟಿ, ಮಸಿಯ ದೌತಿ, ಒಂದು ಬುಗುರಿ. ಲಿಂಗ ಇರಲಿಲ್ಲ.

"ನಾ ಹೇಳಿದ್ನಲ್ಲ ಅಕ್ಕಾ," ಎಂದಳು ಕಾಂಚನ. ಅಳಲೂ ಅವಳಲ್ಲಿ ತ್ರಾಣ ಇರಲಿಲ್ಲ.

ಯಾರಾದರೂ ಎತ್ತಿದ್ದನ್ನು ನೋಡಿದ್ದೀರಾ ಎಂದು ಗುರೂಜಿ ನನ್ನನ್ನು ಕೇಳಿದರು. ನೋಡಿದ್ದೆ. ಆದರೆ ಆ ಹೆಸರು ಹೇಳಿದರೆ ಗಣಪತ ಕಳ್ಳನಾಗುತ್ತಾನೆ, ಹೇಳದಿದ್ದರೆ ಕೂಸು ಉಪವಾಸ. ಅಷ್ಟರಲ್ಲಿ ನೀರಿನ ಕೊಡ ಹೊತ್ತು ಗಣಪತನೇ ಬಾಗಿಲಿಗೆ ಬಂದ. ಬರಿದಾದ ಪೆಟ್ಟಿಗೆಯನ್ನೂ ಕಾಂಚನಳ ಬರಿಗೊರಳನ್ನೂ ನೋಡಿ ಕೊಡ ಇಳಿಸಿದ.

"ಸಾಹೇಬ, ತೇ ಪೇಟೀತ ನಾಹೀ," ಎಂದ, ಅದು ಪೆಟ್ಟಿಗೆಯಲ್ಲಿಲ್ಲವೆಂದು. ಆಮೇಲೆ ನನ್ನ ಕಡೆ ತಿರುಗಿದ. "ಬಾಳಕ್ಕಾ, ಚಪ್ಪಲಿ ಜೋಡಿ ಅದನ್ನ ಹ್ಯಾಂಗ ಇಡಲಿ? ಸರಸ್ವತಿ ಫೋಟೋದ ಹಿಂದ ಗೂಡಿನ್ಯಾಗ ಇಟ್ಟೇನಿ. ದಿನಾ ಫೋಟೋಕ್ಕೊಂದ ಹೂವ, ಅದಕ್ಕೊಂದ ಹೂವ."

"ಮತ್ತ ಹೇಳಬಾರದೇನಣ್ಣಾ?"

"ಏನಂತ ಹೇಳಲಿ? ನಮ್ಮ ಕೇರಿ ಮಂದಿ ಕೈ ಮುಟ್ಟಿದ್ದು ಅಂದ್ರ ಅವರು ತಗೋತಾರೋ ಇಲ್ಲೋ. ಶನಿವಾರ ಯಾರರ ಅತ್ತಾರು, ಆಗ ಹೇಳೂಣಂತ ಕುಂತಿದ್ದೆ."

ಗೂಡಿನಿಂದ ತೆಗೆದ ಲಿಂಗದ ಬಿಳಿ ಗಂಟಿಗೆ ತೊಳೆದ ಕರವಸ್ತ್ರ ಸುತ್ತಿತ್ತು. ಗಣಪತ ಅದನ್ನು ಮೇಜಿನ ಮೇಲಿಟ್ಟು ಹಿಂದೆ ಸರಿದ. ನಮ್ಮ ಕನ್ನಡ ತಿಳಿಯದಿದ್ದರೂ ಅವನು ಹಿಂದೆ ಸರಿದದ್ದು ಗುರೂಜಿಗೆ ತಿಳಿಯಿತು. "ಹಾತಾತ ದೇ," ಎಂದರು. ಕೈಗೇ ಕೊಡು ಎಂದು. ಗಣಪತ ನನ್ನ ಮುಖ ನೋಡಿದ. ಕಾಂಚನ ಯಾರ ಮುಖವನ್ನೂ ನೋಡಲಿಲ್ಲ, ಎರಡೂ ಅಂಗೈ ಚಾಚಿದಳು. ಅವನು ಕೊಟ್ಟ, ಅವಳು ಕಣ್ಣಿಗೊತ್ತಿಕೊಂಡಳು.

"ಮಾಮಾ, ಒಂದ ಸ್ವಲ್ಪ ನೀರ ಹಾಕ್ರಿ," ಎಂದಳು.

ಗಣಪತನ ಕೊಡದ ನೀರಿನಿಂದಲೇ ಅವಳ ಪೂಜೆಯಾಯಿತು. ಹಜೇರಿ ಪುಸ್ತಕ ಹೊಲಿಯುವ ಬಿಳಿ ದಾರವನ್ನು ಗುರೂಜಿ ಕತ್ತರಿಸಿಕೊಟ್ಟರು, ನಾನು ಹೊಸೆದು ಕೊರಳಿಗೆ ಕಟ್ಟಿದೆ. ಅವಳು ಅಲ್ಲೇ ನೆಲದ ಮೇಲೆ ಕೂತು ಬುತ್ತಿ ಬಿಚ್ಚಿದಳು. ರೊಟ್ಟಿ ಸೆಟೆದಿತ್ತು. ಗುರೂಜಿ ತಮ್ಮ ಡಬ್ಬಿಯ ಮಜ್ಜಿಗೆ ಅನ್ನವನ್ನು ಅವಳ ಮುಂದೆ ಸರಿಸಿ, ನಿಧಾನ ಎಂದು ಕೈಸನ್ನೆ ಮಾಡಿದರು.

ಅವಳು ಉಣ್ಣುತ್ತಿದ್ದಾಗ ನನ್ನನ್ನು ಕೇಳಿದರು, ಈ ಹುಡುಗಿ ಮೊದಲೇ ಯಾಕೆ ಬಂದು ಕೇಳಲಿಲ್ಲ ಎಂದು. ಎಲ್ಲರೆದುರು ನಿಲ್ಲಬೇಕಲ್ಲ ಗುರೂಜಿ, ಅದಕ್ಕೆ, ಎಂದೆ. ಬುತ್ತಿಯ ಅರಿವೆಯ ಕಥೆಯನ್ನೂ ಹೇಳಿಬಿಟ್ಟೆ. ಮರಾಠಿ ತಪ್ಪುತ್ತಿತ್ತು, ಆದರೂ ನಿಲ್ಲಿಸಲಿಲ್ಲ. ಅವರು ಕೊನೆಯವರೆಗೂ ಕೇಳಿ, ಚಪ್ಪಲಿಗಳನ್ನು ಮತ್ತೆ ಪೆಟ್ಟಿಗೆಗೆ ಹಾಕದೆ ಗೋಡೆಗೆ ಸಾಲಾಗಿ ಇಟ್ಟರು.

ಮರುದಿನ ಶನಿವಾರ ಯಾವುದೂ ಮೇಲೆದ್ದು ಕಾಣಲಿಲ್ಲ. ಪಡಸಾಲೆಯಲ್ಲಿ ಜಮಖಾನೆ ಹಾಸಿ ಎಲ್ಲವನ್ನೂ ಹರವಿದ್ದರು. ತಮ್ಮ ತಮ್ಮದನ್ನು ಒಯ್ಯಿರಿ ಎಂದಷ್ಟೇ ಹೇಳಿ ಗುರೂಜಿಗಳೆಲ್ಲ ಒಳಗೆ ಹೋದರು. ಆ ದಿನದಿಂದ ಜಮಖಾನೆಯನ್ನು ದಿನಾ ಸಂಜೆ ಹಾಸತೊಡಗಿದರು. ಬೆಲೆಯುಳ್ಳ ವಸ್ತುವಾದರೆ ಗಣಪತ ಎತ್ತಿಟ್ಟುಕೊಂಡು, ಕೇಳಲು ಬಂದವರಿಗೆ ಒಬ್ಬರೇ ಇದ್ದಾಗ ಕೊಡುತ್ತಿದ್ದ.

ಸೋಮವಾರ ಗುರುಸಿದ್ದವ್ವ ಕೋಲೂರಿಕೊಂಡು ಶಾಲೆಯ ಬಾಗಿಲಿಗೆ ಬಂದಳು. ಮೊಮ್ಮಗಳು ಎಲ್ಲವನ್ನೂ ಹೇಳಿದ್ದಳು. ಗಣಪತ ಕಸಬರಿಗೆ ಹಿಡಿದು ಸೆಟೆದು ನಿಂತ.

"ಎರಡ ದಿನ ಪೂಜಿ ಮಾಡಿದಾಂವ ನೀನೇನಪಾ?"

"ಹೌದ್ರಿ ಅವ್ವಾರ."

"ಏನ ಏರಿಸಿದ್ದಿ?"

"ಮಲ್ಲಿಗಿ ಹೂವ್ರಿ."

"ಪತ್ರಿ ಇರಲಿಲ್ಲ?"

"ನಮ್ಮ ಶಾಳ್ಯಾಗ ಪತ್ರಿ ಗಿಡ ಇಲ್ರಿ."

"ನಮ್ಮ ಹಿತ್ತಲದಾಗ ಐತಿ. ಸಸಿ ಕಿತ್ತ ಕೊಡ್ತೇನಿ, ಸಂಜಿಕ ಬಂದ ಒಯ್ಯಿ," ಎಂದಳು. ಒಂದೆರಡು ಹೆಜ್ಜೆ ಹೋದವಳು ತಿರುಗಿ ನಿಂತು, "ಹಿಂದಿನ ಬಾಗಲಕ್ಕ ಬರಬ್ಯಾಡ, ಅಲ್ಲಿ ಕೆಸರೈತಿ. ಮುಂದಿನ ಬಾಗಲಕ್ಕ ಬಾ," ಎಂದಳು.